ಬೆಕ್ಕುಗಳನ್ನು ಹೊರಗೆ ಹಾಕಿದ ಮಧ್ಯಾಹ್ನ

ನಮ್ಮ ಓನರಮ್ಮನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಹಳದಿ ಬಣ್ಣ, ಅಂಚಿನಲ್ಲಿ ಕಪ್ಪು. ಆ ಉಗುರಿನಲ್ಲೇ ಅವರು ಅವರೆಕಾಯಿ ಸೀಳುತ್ತಿದ್ದರು, ಬೆಳ್ಳುಳ್ಳಿ ಸುಲಿಯುತ್ತಿದ್ದರು, ಹಾಲಿನ ಪಾತ್ರೆಗೆ ಅಂಟಿದ ಕೆನೆ ಕೆರೆದು ನೆಕ್ಕುತ್ತಿದ್ದರು. ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಬಿಸಿಲಿಗೆ ಕೂತು ನಾಯಿಯ ಕಿವಿಯೊಳಗಿನ ಉಣ್ಣೆ ಕಿತ್ತು, ಕಲ್ಲಿನ ಮೇಲಿಟ್ಟು, ಟಪ್ ಅಂತ ಒತ್ತಿ ಸಾಯಿಸುತ್ತಿದ್ದದ್ದೂ ಅದೇ ಉಗುರಿನಲ್ಲಿ. ಥೂ! ಬರೆಯುವಾಗಲೂ ಮೈ ಜುಂ ಅನ್ನುತ್ತದೆ.

ವರ್ತೂರಿನಲ್ಲಿ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ತಲೆಮಾರುಗಳಿಂದ ಅಲ್ಲೇ ಇದ್ದ ಕುಟುಂಬ. ಹೊಲವೆಲ್ಲ ಅಪಾರ್ಟ್‌ಮೆಂಟುಗಳಾಗಿ ಹೋಗಿದ್ದರೂ ಹಿತ್ತಲಿನಲ್ಲಿ ಸೌದೆ ಒಲೆಯ ಹಳೇ ಅಡುಗೆಮನೆಯನ್ನು ಓನರಮ್ಮ ಕೆಡವಲು ಬಿಟ್ಟಿರಲಿಲ್ಲ. ಕೆರೆಯಲ್ಲಿ ನೊರೆ ಏಳುತ್ತಿದ್ದ ವರ್ಷಗಳವು. ಗಾಳಿ ಬೀಸಿದರೆ ನೊರೆ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಊರೆಲ್ಲ ಕೊಳೆತ ಮೊಟ್ಟೆಯ ವಾಸನೆ. ನಮ್ಮ ನಮ್ಮ ಬಚ್ಚಲಿನ ಹೊಲಸೇ ಅದು, ಇನ್ಯಾರನ್ನು ಬೈಯೋಣ?

ನನ್ನ ಕಥೆಯೂ ಸ್ವಲ್ಪ ಹೇಳಬೇಕು. ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಎಂಜಲು, ಮುಸುರೆ ಎಂದು ದಿನಕ್ಕೆ ಹತ್ತು ಸಲ ಕೈ ತೊಳೆಸುತ್ತಿದ್ದ ಅಮ್ಮನ ಕೈಯಲ್ಲಿ ಬೆಳೆದವಳು ನಾನು. ಕೆಲಸ ವೈಟ್‌ಫೀಲ್ಡ್ ಕಡೆಯ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ, ಸ್ವಚ್ಛತೆ ನೋಡಿಕೊಳ್ಳುವುದು. ಶಿಫ್ಟಿಗೆ ಬರುವ ಹೆಂಗಸರೆಲ್ಲ ಬಾಗಿಲಲ್ಲಿ ಎರಡೂ ಕೈ ಚಾಚಿ ಉಗುರು ತೋರಿಸಬೇಕು, ನಾನು ಹೂಂ ಅಂದರೆ ಮಾತ್ರ ಒಳಗೆ. ಅಂಥವಳಿಗೆ ಇಂಥ ಓನರಮ್ಮ ಗಂಟುಬಿದ್ದಿದ್ದರು ನೋಡಿ.

ಅವರ ಅಡುಗೆಮನೆಯಲ್ಲಿ ಮೂರು ಬೆಕ್ಕು. ಹಿರಿಯ ಬೆಕ್ಕಿಗೆ ಅರ್ಧ ಕಿವಿ ಇರಲಿಲ್ಲ, ಅದು ಮೊರದಲ್ಲೇ ಮಲಗುತ್ತಿತ್ತು. ಓನರಮ್ಮ ಅದನ್ನು ಮಗುವಿನ ಹಾಗೆ ಎತ್ತಿ ಪಕ್ಕಕ್ಕಿಟ್ಟು, ಅದೇ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಸಾರು ಕುದಿಯುವಾಗ ಸೌಟಿನಿಂದ ಅಂಗೈಗೆ ಹುಯ್ದುಕೊಂಡು ಸುರ್ರೆಂದು ಹೀರಿ, ಕೈಯನ್ನು ಸೆರಗಿಗೆ ಒರೆಸಿ, ಮತ್ತೆ ಅದೇ ಕೈಯಲ್ಲಿ ಉಪ್ಪು ಹಾಕುತ್ತಿದ್ದರು. ಬೆಂದದ್ದರಲ್ಲಿ ಮೊದಲ ಪಾಲು ಬೆಕ್ಕಿಗೆ, ಅದೂ ಮನೆಯವರು ಉಣ್ಣುವ ತಟ್ಟೆಯಲ್ಲಿ. ಮುಖ ಸಿಂಡರಿಸಿದರೆ, "ಮಾತು ಬರ್ದೇ ಇರೋದಕ್ಕೆ ಮೊದ್ಲು ಇಕ್ಬೇಕು ಕಣವ್ವ. ನಂಗೂ ನಿಂಗೂ ಏನು, ಹಸಿದ್ರೆ ಬಾಯ್ಬಿಟ್ಟು ಕೇಳ್ತೀವಿ" ಎನ್ನುತ್ತಿದ್ದರು.

ಆ ವರ್ಷ ದಸರಾ ಹೊತ್ತಿಗೆ ನಾನು ಮೂರು ತಿಂಗಳ ಬಸುರಿ. ಹಿಂದಿನ ವರ್ಷ ಒಂದು ನಿಂತಿರಲಿಲ್ಲ. ಈ ಸಲ ವಾಂತಿಯೆಂದರೆ ವಾಂತಿ, ನೀರು ಕುಡಿದರೂ ವಾಂತಿ. ಒಗ್ಗರಣೆಯ ವಾಸನೆ ಆಗದು, ಸೋಪಿನದೂ ಆಗದು, ಪಾಪ, ಗಂಡನ ತಲೆಗೆ ಹಚ್ಚಿದ ಎಣ್ಣೆಯ ವಾಸನೆಗೂ ಬಚ್ಚಲಿಗೆ ಓಡುತ್ತಿದ್ದೆ. ಇದರ ಮೇಲೆ ಆ ಕೆರೆ. ದೀಪಾವಳಿಯ ಹೊತ್ತಿಗೆ ನಾಲ್ಕು ಕೆಜಿ ಇಳಿದಿದ್ದೆ. "ಇನ್ನೊಂದು ವಾರ ಹೀಗೇ ಆದ್ರೆ ಅಡ್ಮಿಟ್ ಮಾಡ್ಕೋಬೇಕಾಗತ್ತೆ. ಮಗೂಗೆ ಏನೂ ಸಿಗ್ತಿಲ್ಲಮ್ಮ" ಎಂದರು ಡಾಕ್ಟರು. ರಜೆ ಹಾಕಿ ಮನೆಯಲ್ಲಿ ಬಿದ್ದುಕೊಂಡೆ. ಹೆದರಿಕೆಗೆ ನಿದ್ದೆಯೂ ಬರುತ್ತಿರಲಿಲ್ಲ.

ಓನರಮ್ಮ ಸುಮ್ಮನಿರುವ ಪೈಕಿಯೇ ಅಲ್ಲ. ದಿನಾ ಮಧ್ಯಾಹ್ನ ಸ್ಟೀಲ್ ಡಬ್ಬಿಯಲ್ಲಿ ಒಂದೊಂದು ತಂದರು. ಉಪ್ಸಾರು, ಮಜ್ಜಿಗೆ ಹುಳಿ, ರಾಗಿ ಅಂಬಲಿ. ನಾನು ನಗುತ್ತಾ ತೆಗೆದುಕೊಳ್ಳುತ್ತಿದ್ದೆ. ಅವರು ಬೆನ್ನು ತಿರುಗಿಸಿದ್ದೇ ತಡ, ಆ ಉಗುರು, ಆ ಮೊರ ಕಣ್ಣಿಗೆ ಕಟ್ಟುತ್ತಿತ್ತು. ಮೆಟ್ಟಿಲಿಳಿದು ಅದರ ಹಿಂದೆ ಅಷ್ಟನ್ನೂ ಅವರ ನಾಯಿಗೆ ಸುರಿದು, ಡಬ್ಬಿ ತೊಳೆದು, "ತುಂಬಾ ಚೆನ್ನಾಗಿತ್ತಮ್ಮ" ಅಂತ ವಾಪಸು ಕೊಡುತ್ತಿದ್ದೆ.

ದೀಪಾವಳಿ ಕಳೆದ ವಾರ ಅವರು ಬರಿಗೈಯಲ್ಲಿ ಮೇಲೆ ಬಂದರು. ಹೊಸ್ತಿಲಲ್ಲೇ ಕೂತರು.

"ನಾಯಿ ನಾಕ್ ದಿನದಿಂದ ನಾನಿಕ್ಕಿದ್ ಮುದ್ದೆ ಮೂಸಿನೂ ನೋಡ್ತಿಲ್ಲ. ಮೆಟ್ಲು ತಾವೇ ಕುಂತಿರ್ತದೆ" ಎಂದರು. ನಾನು ಹಾಸಿಗೆಯ ಮೇಲೆ ಎದ್ದು ಕೂತೆ.

"ಅದರ ಹೊಟ್ಟೆ ತುಂಬೈತೆ ಬಿಡು. ನಿಂದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತಗಿನ ಪ್ರಶ್ನೆಗೆ ಎಲ್ಲಿತ್ತೋ ಸಿಟ್ಟು, ಒಂದೇ ಉಸಿರಿಗೆ ಕಕ್ಕಿಬಿಟ್ಟೆ. "ಹೇಗಮ್ಮ ತಿನ್ಲಿ? ಬೆಕ್ಕು ಮಲಗಿದ ಮೊರ, ಬೆಕ್ಕು ನೆಕ್ಕಿದ ತಟ್ಟೆ, ಎಂಜಲು ಕೈ! ಉಣ್ಣೆ ಒತ್ತೋ ಉಗುರಲ್ಲೇ ಬೆಳ್ಳುಳ್ಳಿ ಸುಲೀತೀರ. ನೆನೆಸಿಕೊಂಡ್ರೇ ವಾಂತಿ ಬರತ್ತೆ ನಂಗೆ!" ಹೇಳಿ ಮುಗಿಸಿ ಗೊಳೋ ಎಂದು ಅತ್ತೆ.

ಅವರು ಪೂರ್ತಿ ಕೇಳಿಸಿಕೊಂಡರು. "ಅಷ್ಟೇನಾ?" ಎಂದು ಎದ್ದು ಹೋದರು. ನಾಳೆಯೇ ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಕೆಳಗಿನಿಂದ ಕೂಗಿದರು. "ಬಾರವ್ವ ಇಲ್ಲಿ, ಒಂದ್ ಗಳಿಗೆ." ಕಾರ್ತೀಕದ ಹಿತವಾದ ಬಿಸಿಲು, ಗಾಳಿ ಕೆರೆಯ ಕಡೆಗೇ ಬೀಸುತ್ತಿದ್ದುದರಿಂದ ವಾಸನೆಯೂ ಕಡಿಮೆ. ಹಿತ್ತಲಿನ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಹೊರಗೆ ಮೂರೂ ಬೆಕ್ಕುಗಳು ಬಾಗಿಲು ಪರಚುತ್ತಾ ಅರಚುತ್ತಿದ್ದವು. ಓನರಮ್ಮ ಬಾಗಿಲನ್ನು ಒಂದಿಷ್ಟೇ ತೆರೆದು, ಬೆಕ್ಕು ನುಸುಳದ ಹಾಗೆ ಕಾಲು ಅಡ್ಡ ಇಟ್ಟು, ನನ್ನನ್ನು ಒಳಗೆ ಎಳೆದುಕೊಂಡರು.

ನೆಲ ತೊಳೆದಿತ್ತು. ಗೋಡೆಯನ್ನೂ ಎಟುಕುವಷ್ಟು ಎತ್ತರಕ್ಕೆ ತೊಳೆದಿದ್ದರು. ಹೊಸ ಮೊರ, ಹೊಸ ಸೌಟು. ಅವರು ತಲೆಗೆ ಸ್ನಾನ ಮಾಡಿ ಕೂದಲು ಕಾಣದಂತೆ ಬಿಳಿ ಟವೆಲ್ ಸುತ್ತಿಕೊಂಡಿದ್ದರು. ನನ್ನೆದುರು ನಿಂತು ಎರಡೂ ಕೈ ಚಾಚಿದರು.

"ನೋಡ್ಕೋ. ನಿಮ್ ಫ್ಯಾಕ್ಟ್ರೀಲಿ ಇಂಗೇ ತೋರಿಸ್ತಾರೆ ಅಂದಿದ್ಯಲ್ಲ. ಸರಿ ಐತಾ?"

ಹೆಬ್ಬೆರಳಿನ ಉಗುರನ್ನು ಬುಡದವರೆಗೆ ಕತ್ತರಿಸಿದ್ದರು. ಕತ್ತರಿ ತಾಗಿ ಒಂದು ಕಡೆ ರಕ್ತ ಹೆಪ್ಪುಗಟ್ಟಿತ್ತು. ನೂರಾರು ಹೆಂಗಸರ ಕೈ ನೋಡಿದ್ದೇನೆ, ಯಾರ ಮುಂದೆಯೂ ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಹುಟ್ಟಿರಲಿಲ್ಲ. ತಲೆಯಾಡಿಸಿದೆ.

ಹೊಸ ಅವರೆಕಾಯಿ ಬಂದಿತ್ತು. ಉಗುರಿಲ್ಲದೆ ಕಾಯಿ ಸೀಳಲು ಅವರಿಗೆ ಕೈ ಹರಿಯದು, ಒಂದೊಂದಕ್ಕೂ ತಿಣುಕಾಡಿದರು. ಒಂದರಿಂದ ದಪ್ಪನೆಯ ಹಸಿರು ಹುಳ ಹೊರಬಿದ್ದು ಮೊರದಲ್ಲಿ ಹೊರಳಿತು. ನಾನು ಕಿಟಾರನೆ ಕಿರುಚಿದೆ. "ಹುಳ ಇದ್ರೆ ಒಳ್ಳೇದು ಕಣೆ ಹುಚ್ಚಮ್ಮ, ಔಷ್ದಿ ಹೊಡ್ದಿಲ್ಲ ಅಂತ" ಎಂದು ನಕ್ಕು, ಅದನ್ನು ಕಿಟಕಿಯಿಂದ ಕೋಳಿಗೆ ಎಸೆದು, ಹೋಗಿ ಕೈ ತೊಳೆದು ಬಂದರು. ನಾನು ಹೇಳಿರಲಿಲ್ಲ. ಸಾರಿಗೆ ಉಪ್ಪು ಹಾಕಿದ ಮೇಲೆ ಅವರ ಅಂಗೈ ತಾನಾಗಿಯೇ ಸೌಟಿನ ಕಡೆ ಹೋಯಿತು. ಅರ್ಧದಲ್ಲೇ ತಡೆದುಕೊಂಡು, ಕೈಯನ್ನು ಸೆರಗಿನಡಿ ಬಚ್ಚಿಟ್ಟರು.

ಉಪ್ಪು ಜಾಸ್ತಿಯಾಗಿತ್ತು. ಆದರೂ ಮೊದಲ ತುತ್ತು ಇಳಿಯಿತು. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ನಿಂತಿತು. ಎರಡನೆಯದೂ ನಿಂತಿತು. ಒಂದು ಸಣ್ಣ ಮುದ್ದೆ ಪೂರ್ತಿ ಉಂಡು, ಒಲೆಯ ಕಾವಿಗೆ ಅಲ್ಲೇ ಚಾಪೆಯ ಮೇಲೆ ನಿದ್ದೆಹೋದೆ. ಎಚ್ಚರವಾದಾಗ ಅವರು ಹೊರಗೆ ಜಗಲಿಯ ಮೇಲೆ ಬೆಕ್ಕುಗಳನ್ನು ಸುತ್ತ ಕೂರಿಸಿಕೊಂಡು ಉಣ್ಣುತ್ತಿದ್ದರು. "ಬೈಕೋಬ್ಯಾಡಿ ಕಣ್ರೋ, ಐದಾರ್ ತಿಂಗ್ಳು ಅಷ್ಟೇ" ಎಂದು ಅವಕ್ಕೆ ಸಮಾಧಾನ ಹೇಳುತ್ತಿದ್ದರು. ಹೆರಿಗೆಯವರೆಗೂ ಒಂದು ದಿನ ತಪ್ಪದೆ ಹಾಗೇ ನಡೆಸಿದರು. ನನ್ನ ಮಗಳು ಮೂರು ಕೆಜಿ ತೂಗಿದಳು. ಅವಳನ್ನು ಮನೆಗೆ ತಂದ ದಿನ ಬೆಕ್ಕುಗಳೂ ಮೆರವಣಿಗೆಯಲ್ಲಿ ಅಡುಗೆಮನೆಯೊಳಗೆ ಹೋದವು. ನಾನು ಮತ್ತೆ ಮೂಗು ಮುಚ್ಚಿಕೊಂಡೆ, ನನ್ನ ಬುದ್ಧಿ ಎಲ್ಲಿ ಹೋಗುತ್ತದೆ!

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಓನರಮ್ಮ ಹಾಸಿಗೆ ಹಿಡಿದರು. ಹೊಟ್ಟೆಯ ಕಾಯಿಲೆ. ಏನು ಬೇಕೋ ಕೊಡಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ಅವರ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನದ ಊಟ ಮಹಡಿಯಿಂದ ನಾನೇ ಒಯ್ಯುತ್ತಿದ್ದೆ. ಕುದಿಸಿದ ನೀರು, ತೊಳೆದು ಒರೆಸಿದ ತಟ್ಟೆ, ಮುಚ್ಚಳ ಬಿಗಿದ ಡಬ್ಬಿ. ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದರು.

"ಸೇರಾಕಿಲ್ಲ ಕಣವ್ವ."

"ಉಪ್ಪು ಅಳತೇಲೇ ಹಾಕಿದೀನಮ್ಮ."

"ಬಾಯ್ಗಾಕಿ ನೋಡ್ದಾ?"

"ಇಲ್ಲ." ಬಡಿಸುವ ಮುಂಚೆ ನಾನು ಬಾಯಿಗೆ ಹಾಕುವವಳೇ ಅಲ್ಲ.

"ಒಬ್ಳೇ ಉಣ್ಣಾಕೆ ನಂಗ್ ಬರಾಕಿಲ್ಲ. ಬೆಕ್ಕುಗಳನ್ನ ಮಂಚುದ್ ತಾವ ಬಿಡಾಕಿಲ್ಲ ಇವ್ರು. ನೀನೊಂದ್ ತುತ್ತು, ನಂಗೊಂದ್ ತುತ್ತು. ಅಂಗಾದ್ರೆ ಇಳೀತದೆ."

ಅವರ ಬಾಯೆಲ್ಲ ಹುಣ್ಣಾಗಿತ್ತು. ವಾಸನೆ ಬರುತ್ತಿತ್ತು. ಒಂದು ತುತ್ತು ಅವರಿಗೆ ಇಟ್ಟೆ, ಅವರ ಜೊಲ್ಲು ನನ್ನ ಬೆರಳಿಗೆ ಮೆತ್ತಿಕೊಂಡಿತು. ಅದೇ ಬೆರಳಿನಲ್ಲಿ, ಅದೇ ತಟ್ಟೆಯಿಂದ ನನ್ನ ಬಾಯಿಗೂ ಒಂದು ಇಟ್ಟುಕೊಂಡೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು, ನುಂಗಿದೆನೋ ಇಲ್ಲವೋ ಎಂದು. ನುಂಗಿದ ಮೇಲೆ ತಾವೂ ಬಾಯಿ ತೆರೆದರು.

ಆಮೇಲೆ ಅವರಿದ್ದದ್ದು ಒಂಬತ್ತು ದಿನ. ಹೇಸಿಗೆಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ತುತ್ತಿಗೂ ಆಯಿತು. ಒಂಬತ್ತು ದಿನವೂ ಅದೇ ತಟ್ಟೆಯಲ್ಲಿ ಉಂಡೆ.