ಬಗ್ಗಿ ನೋಡದ ಮೋರಿ

ಜಯಕುಮಾರನ ಉದ್ಯೋಗಕ್ಕೆ ಕಚೇರಿಯಲ್ಲಿ ಒಂದು ಹೆಸರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನು ದಿನಗೂಲಿ. ಕಿಕ್ಕೇರಿ ಪಕ್ಕದ ತನ್ನ ಹಳ್ಳಿಯಲ್ಲಿ ಮಾತ್ರ 'ಸರ್ವೆ ಇಲಾಖೆ'. ಇಂಜಿನಿಯರ್ ಶಿವಶಂಕರ್ ದುರ್ಬೀನಿಗೆ ಕಣ್ಣಿಟ್ಟಾಗ ಎದುರಿಗೆ ಅಳತೆಕೋಲು ಹಿಡಿದು ನೆಟ್ಟಗೆ ನಿಲ್ಲಬೇಕು, ಅಷ್ಟೇ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ನೆಟ್ಟಗೆ ನಿಂತರೂ ಕೂಲಿ ಕೊಡುತ್ತಾರೆ ಎಂಬುದೇ ದೊಡ್ಡ ಸಂಗತಿ. ಬಗ್ಗುವುದಕ್ಕೆ ಬೇರೆ ಕೂಲಿ ಇರಲಿಲ್ಲ. ಅನರ್ಥವಾದದ್ದು ಅಲ್ಲೇ.

ತೊಂಬತ್ತಾರರ ಬೇಸಿಗೆಯಲ್ಲಿ ಕೆ.ಆರ್. ಪೇಟೆಯ ಹಳ್ಳ ಅಳೆಯುವ ಕೆಲಸ ಬಂತು. ಕೆರೆ ಕೋಡಿ ಬಿದ್ದರೆ ಊರ ನಡುವಿನ ಹಳ್ಳ ಎಷ್ಟು ನೀರು ತಾಳೀತು, ಎಲ್ಲಿ ಹೂಳಿದೆ, ದಡ ಎಲ್ಲಿ ಕುಸಿದಿದೆ, ಎಲ್ಲ ಬರೆಯಬೇಕು. ಹೂಳಿದ್ದಲ್ಲಿ ಮಳೆಗೆ ಮುಂಚೆ ಎತ್ತಿಸುತ್ತಾರೆ. ರಸ್ತೆಯಡಿ ಹಳ್ಳ ಹಾಯುವ ಹಳೆಯ ಚಪ್ಪಡಿ ಮೋರಿಗೆ ಬಂದ ದಿನ ಜಯಕುಮಾರ ಹೆಣ್ಣು ನೋಡಲೆಂದು ಹೊಲಿಸಿದ ಬ್ಯಾಗಿ ಪ್ಯಾಂಟಿನಲ್ಲಿದ್ದ. ಮೋರಿಯ ಬಾಯಲ್ಲಿ ಊರಿನ ಗಲೀಜೆಲ್ಲ ಕೂತಿತ್ತು.

"ಬಗ್ಗಿ ನೋಡಯ್ಯ, ಆ ಕಡೆ ಬೆಳಕು ಕಾಣ್ತದಾ?" ಶಿವಶಂಕರ್ ಮೇಲಿನಿಂದ ಕೂಗಿದರು.

ದಡದ ಕಲ್ಲಿನ ಮೇಲೆ ನಿಂತೇ ಜಯಕುಮಾರ, "ಕಾಣ್ತದೆ ಸಾರ್, ಕನ್ನಡಿ ಇದ್ದಂಗದೆ" ಎಂದ.

'ಮೋರಿ ಸರಾಗ' ಎಂದು ಅವರು ಬರೆದುಕೊಂಡರು. ಪಕ್ಕದ ಮನೆಯ ಜಗುಲಿಯಿಂದ ಪುಟ್ಟಲಕ್ಷ್ಮಮ್ಮ, "ಕಾಲು ತೊಳ್ಕೊಳಕ್ಕೆ ನೀರು ಕೊಡ್ಲಾ ಮಗಾ?" ಎಂದು ಕೇಳಿದರು. "ಬ್ಯಾಡ ಕಣವ್ವ" ಎಂದ, ಪ್ಯಾಂಟಿನ ಕೆಡದ ಇಸ್ತ್ರಿಯನ್ನು ತಾನೇ ಮೆಚ್ಚಿಕೊಳ್ಳುತ್ತ.

ಹೆಣ್ಣು ಆ ಪ್ಯಾಂಟನ್ನೂ ಒಪ್ಪಲಿಲ್ಲ, ಅವನನ್ನೂ ಒಪ್ಪಲಿಲ್ಲ.

ಅಕ್ಟೋಬರಿನಲ್ಲಿ ಕೋಡಿ ಬಿತ್ತು. ಮೋರಿ ನುಂಗದ ನೀರು ಹಿಂದಕ್ಕೊತ್ತಿ ಬೀದಿಗೆ ನುಗ್ಗಿತು. ಪುಟ್ಟಲಕ್ಷ್ಮಮ್ಮನ ಗಂಡ ಚೌಡಯ್ಯ ಕೆರೆಯ ನೀರುಗಂಟಿ. ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಾ ಮುಪ್ಪಾದವರು. ನೀರನ್ನು ಕಂಡು ಸುಮ್ಮನಿರುವುದು ಅವರಿಗೆ ಬರುತ್ತಿರಲಿಲ್ಲ. ಹಾರೆ ಹಿಡಿದು ಮೋರಿಯ ಬಾಯಿಗಿಳಿದು ಮೀಟಿದರು. ಕಟ್ಟಿಕೊಂಡಿದ್ದ ಹೂಳು ಒಮ್ಮೆಗೇ ಬಿಟ್ಟುಕೊಟ್ಟು ಅವರನ್ನೂ ಎಳೆದುಕೊಂಡಿತು. ಚೌಡಯ್ಯ ಆ ಕಡೆಯ ಬಾಯಲ್ಲಿ ಹೆಣವಾಗಿ ಸಿಕ್ಕಿದರು. ಹಾರೆ ಸಿಗಲಿಲ್ಲ.

ಸದ್ದು ಶುರುವಾದದ್ದು ಆಮೇಲೆ. ಬಸ್ಸು ಮೋರಿಯ ಮೇಲೆ ಹಾಯ್ದಾಗಲೆಲ್ಲ ನೆಲದಡಿಯಿಂದ 'ಠಣ್'.

"ಚೌಡಣ್ಣ ಇನ್ನೂ ಮೀಟ್ತಾವ್ನೆ ಕಣ್ಲಾ" ಎಂದ ಟೀ ಅಂಗಡಿಯ ನರಸಯ್ಯ, ಜಯಕುಮಾರನತ್ತ ತಿರುಗಿ. "ನಿಮ್ಮೋರು ಸರಾಗ ಅಂತ ಬರ್ಕೊಂಡಿದ್ರಂತಲ್ಲ, ಓಗಿ ಯೋಳ್ಲಾ ಅವನ್ಗೆ, ಸಾಕು ಬುಡಣ್ಣ ಅಂತ!"

ಎಲ್ಲರ ಜೊತೆ ನಗಲು ಹೋಗಿ ಜಯಕುಮಾರನಿಗೆ ಟೀ ನೆತ್ತಿಗೇರಿತು. ಅಂದಿನಿಂದ ಸುತ್ತುದಾರಿ ಹಿಡಿದ. ದೆವ್ವಕ್ಕೆ ಹೆದರುವ ವಯಸ್ಸು ತನ್ನದಲ್ಲ ಎಂದುಕೊಂಡ. ತನ್ನ ವಯಸ್ಸು ದೆವ್ವಕ್ಕೆ ಗೊತ್ತಿದೆಯೇ ಎಂಬುದು ಖಾತ್ರಿಯಿರಲಿಲ್ಲ. ಸುತ್ತುದಾರಿಯಲ್ಲೂ, ಹೋಟೆಲಿನಲ್ಲಿ ಚಮಚ ಬಿದ್ದರೂ, ಅದೇ ಠಣ್. ಪುಟ್ಟಲಕ್ಷ್ಮಮ್ಮನ ಮನೆಗೆ ಹೋಗಿ ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟ. ಪ್ರತಿ ಸಲವೂ ಏನೋ ಒಂದು ಜರೂರು ಕೆಲಸ ನೆನಪಾಗುತ್ತಿತ್ತು.

ಎರಡು ವರ್ಷದ ಮೇಲೆ ಮತ್ತೆ ಹಳ್ಳ ಅಳೆಯಲು ಬಂದರು. ಅದೇ ಮೋರಿ, ಅದೇ ಪ್ರಶ್ನೆ: "ಬೆಳಕು ಕಾಣ್ತದಾ?"

ಜಯಕುಮಾರ ಅಂಗಿ, ಪ್ಯಾಂಟು ಕಳಚಿಟ್ಟು ಚಡ್ಡಿಯಲ್ಲಿ ಒಳಗೆ ತೆವಳಿದ. ಹೂಳು ಎದೆಗೆ ತಾಗುತ್ತಿತ್ತು, ಬೆನ್ನಿಗೆ ಚಪ್ಪಡಿ ತರಚುತ್ತಿತ್ತು. ನಡುಮಧ್ಯದಲ್ಲಿ ಕೈಗೆ ತಣ್ಣಗೆ ಕಬ್ಬಿಣ ಸಿಕ್ಕಿತು. ಅಷ್ಟರಲ್ಲಿ ಮೇಲೊಂದು ಬಸ್ಸು ಹಾಯಿತು. ಕಿವಿಯ ಪಕ್ಕದಲ್ಲೇ 'ಠಣ್'. ಎರಡು ಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹಾರೆ, ಯಾರೋ ಹಿಡಿದು ಅಲ್ಲಾಡಿಸಿದಂತೆ ಅವನ ಅಂಗೈಯೊಳಗೇ ನಡುಗಿತು. ಅವನು ಕಣ್ಣು ಮುಚ್ಚಿ ಕಿತ್ತ.

ಹೊರಗೆ ಬಂದು, "ಅರ್ಧಕ್ಕರ್ಧ ಹೂಳು ಸಾರ್. ಆವತ್ತು ನಾನು ಬಗ್ಗಿ ನೋಡ್ಲೇ ಇಲ್ಲ" ಎಂದ.

ಶಿವಶಂಕರರ ಪೆನ್ನು ನಿಂತಿತು. "ಮೊದಲನೇ ಮಾತು ಬರ್ಕೊತೀನಿ. ಎರಡನೇದು ಆ ಮನೇಲಿ ಹೇಳು, ಹೋಗು" ಎಂದರು.

ಕೆಸರು ಸುರಿಸುತ್ತಾ ಹೋಗಿ ಜಯಕುಮಾರ ಹಾರೆಯನ್ನು ಜಗುಲಿಯ ಮೇಲಿಟ್ಟ. "ಅವ್ವಾ, ಆವತ್ತು ನಾನು..."

"ಗೊತ್ತು ಬುಡಪ್ಪ" ಎಂದರು ಪುಟ್ಟಲಕ್ಷ್ಮಮ್ಮ, ಹಾರೆಯಿಂದ ಕಣ್ಣು ತೆಗೆಯದೆ. "ನೀರು ಕೊಡ್ಲಾ ಅಂದೆ, ನೀನು ಬ್ಯಾಡ ಅಂದೆ. ಆ ಅಳ್ಳಕ್ಕಿಳಿದೋನು ಕಾಲಿಗೆ ನೀರು ಬ್ಯಾಡ ಅಂತಾನಾ?"

"ಮತ್ಯಾಕವ್ವ ಯಾರ್ಗೂ ಯೋಳ್ಲಿಲ್ಲ?"

"ನೀನೇ ಬತ್ತೀಯ ಅಂತ ಕಾಯ್ತಿದ್ದೆ. ಎಲ್ಡು ವರ್ಸ ಆಯ್ತು."

ಕಿಕ್ಕೇರಿ ಬಸ್ಸು ಬಂತು. ಇಬ್ಬರೂ ರಸ್ತೆಯತ್ತ ನೋಡಿದರು. ಬಸ್ಸು ಮೋರಿ ದಾಟಿತು. ಏನೂ ಕೇಳಲಿಲ್ಲ.

ಮುದುಕಿಯ ಮುಖ ಬಿಳಿಚಿತು. "ಅದೊಂದು ಸದ್ದಿತ್ತಲ್ಲಪ್ಪ. ಬಸ್ಸಿಗೊಂದ್ಸಲ, ಇಲ್ಲೇ ಅವ್ರೆ ಅನ್ನಂಗಿತ್ತು. ಅದನ್ನೂ ಕಿತ್ಕಂಡು ಬಂದ್ಬುಟ್ಯಾ?"

ಪುಟ್ಟಲಕ್ಷ್ಮಮ್ಮ ಒಳಗೆ ಹೋಗಿ ಒಂದು ಬಿಂದಿಗೆ ನೀರು ತಂದು ಅವನ ಕಾಲ ಬಳಿ ಇಟ್ಟರು.

ಮೋರಿಯ ಹೂಳೆತ್ತಿದರು. ಆ ಸಲ ಕೋಡಿಯ ನೀರು ಬೀದಿಗೆ ಬರದೆ ಹರಿದುಹೋಯಿತು. ಆಮೇಲೊಂದು ಭಾನುವಾರ ಜಯಕುಮಾರ ಊರಿಗೆ ಹೋಗಲು ಕಿಕ್ಕೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ. ಮೋರಿ ಬಂತು. ಇನ್ನೇನು ಹೆದರಿಕೆ, ಹಾರೆ ತೆಗೆದಾಯಿತಲ್ಲ ಎಂದುಕೊಂಡು ಹೊರಗೆ ನೋಡಿದ. ಜಗುಲಿಯ ಮೇಲೆ ಕೂತಿದ್ದ ಪುಟ್ಟಲಕ್ಷ್ಮಮ್ಮ ಬಸ್ಸನ್ನು ಕಂಡು ಎರಡೂ ಕೈಯಲ್ಲಿ ಹಾರೆ ಎತ್ತಿ ಕಲ್ಲಿನ ಮೇಲೆ ಬಿಟ್ಟರು.

ಠಣ್.

ಜಯಕುಮಾರ ಸೀಟಿನಲ್ಲೇ ಬಗ್ಗಿದ.