ಸ್ಪಂಜು ಮಾವನ ವಿಮಾನ

ನಮ್ಮ ಬೀದಿಯ ಸ್ಪಂಜು ಮಾವ ಕೂತಲ್ಲಿ ಕೂರುವ ಜಾಯಮಾನದವರಲ್ಲ. ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ ಕಟ್ಟುವುದು ಅವರ ಹುಚ್ಚು. ಅದರ ಹೊಟ್ಟೆಯೊಳಗೆ ಕೂತು ರಿಮೋಟಿನ ಮಾತು ಕೇಳುವ ರಿಸೀವರ್ ಎಂಜಿನ್ನಿನ ನಡುಕಕ್ಕೋ ಬಿದ್ದ ಪೆಟ್ಟಿಗೋ ಕೆಟ್ಟೀತೆಂಬುದು ಅವರ ಚಿಂತೆ. ಹಾಗಾಗಿ ಅದಕ್ಕೆ ಸುತ್ತುವ ಸ್ಪಂಜಿಗಾಗಿ ಮನೆಯ ದಿಂಬುಗಳು ದಿನೇ ದಿನೇ ಸೊರಗುತ್ತವೆ. ಅತ್ತೆ ಪಾತ್ರೆ ತಿಕ್ಕಲು ಹೋದರೆ ಸ್ಪಂಜು ಆಗಲೇ ವಿಮಾನ ಹತ್ತಿರುತ್ತದೆ. ಮಾತಿನ ನಡುವೆಯೇ ಮಾವ ಎದ್ದು ಫ್ರಿಜ್ಜಿಗೆ ಅಂಗೈಯಿಟ್ಟು ‘ನಡುಗ್ತಾ ಇದೆ ನೋಡಿ’ ಎನ್ನುತ್ತಾರೆ. ವಿಮಾನ ತಲೆಕೆಳಗಾಗಿ ಬಿದ್ದರೆ ಎದ್ದೆನೋ ಬಿದ್ದೆನೋ ಎಂದು ಓಡಿ, ಮುರಿದ ರೆಕ್ಕೆಯತ್ತ ತಿರುಗಿಯೂ ನೋಡದೆ, ಹೊಟ್ಟೆ ಬಿಚ್ಚಿ ‘ಜೀವ ಇದೆ!’ ಎಂದು ಕೂಗುತ್ತಾರೆ. ಕೇಳಿದವರಿಗೂ ಕೇಳದವರಿಗೂ ಒಂದೇ ಪಾಠ: ‘ಸ್ಪಂಜು ಸಡಿಲವಾಗಿ ಸುತ್ರಪ್ಪ, ಬಿಗಿದ್ರೆ ನಡುಕ ಒಳಗೇ ಇಳಿಯುತ್ತೆ.’ ಈಚೆಗೆ ನಡುಕ ಅವರ ಬಲಗೈಗೇ ಬಂದಿದೆ. ಹಾರಿಸುವಾಗ ಅತ್ತೆ ಪಕ್ಕದಲ್ಲಿ ನಿಂತು ಆ ಮಣಿಕಟ್ಟನ್ನು ಹಿಡಿದಿರುತ್ತಾರೆ. ಮೊನ್ನೆ ವಿಮಾನ ಗಾಳಿಗೆ ವಾಲಿದ್ದೇ ತಡ, ಅತ್ತೆ ಗಾಬರಿಯಲ್ಲಿ ಹಿಡಿತ ಬಿಗಿಮಾಡಿಬಿಟ್ಟರು. ಮಾವ ಆಕಾಶದಿಂದ ಕಣ್ಣು ಕೀಳದೆ ಮೆಲ್ಲಗೆ ಅಂದರು: ‘ಸಡಿಲವಾಗಿ ಹಿಡ್ಕೊಳೇ... ಬಿಡಬೇಡ ಮತ್ತೆ.’