ಸಾಹೇಬರಿಲ್ಲದ ಗ್ರೂಪು

ಇವತ್ತು ಬೆಳಿಗ್ಗೆ ನಮ್ಮ ಮನೆಯವಳ ಫೋನು ಬಿಡುವಿಲ್ಲದೆ ಟಿಂಗ್ ಟಿಂಗ್ ಎನ್ನುತ್ತಿತ್ತು. ಸುರಪುರದ ನಮ್ಮ ಓಣಿಯ ಹೆಂಗಸರದೊಂದು ಅಡುಗೆ ಗ್ರೂಪಿದೆ. ಯಾರೋ ಹೊಸ ಸೊಸೆ ಬಿರುಕುಬಿಟ್ಟ ಜೋಳದ ರೊಟ್ಟಿಯ ಫೋಟೋ ಹಾಕಿ, "ಹಿಂಗ್ಯಾಕ ಹರೀತದ?" ಎಂದು ಕೇಳಿದ್ದಳು. ಐದೇ ನಿಮಿಷದಲ್ಲಿ ಓಣಿಯೆಲ್ಲ ಉತ್ತರ ಕೊಟ್ಟಿತು. ಎಸರು ಕುದ್ದಿಲ್ಲ ಎಂದಳೊಬ್ಬಳು, ಹಿಟ್ಟು ಹಳೆಯದು ಎಂದಳು ಇನ್ನೊಬ್ಬಳು. ನಮ್ಮವಳಂತೂ ಮದುವೆಯಾದ ಹೊಸತರಲ್ಲಿ ತನ್ನ ರೊಟ್ಟಿಯನ್ನು ನಮ್ಮವ್ವ ನಾಯಿಗೆ ಹಾಕಿದ ಕಥೆಯನ್ನೇ ಹೇಳಿಕೊಂಡು ನಕ್ಕಳು. ಚಹಾ ಹಿಡಿದು ಕೂತಿದ್ದ ನನಗೆ ನಗು ಬರಲಿಲ್ಲ. ನಾನೂ ಒಂದು ಗ್ರೂಪು ಕಟ್ಟಿದ್ದವನು.

ನಾನು ಕರೆಂಟಿನ ಇಲಾಖೆಯಲ್ಲಿ ಶಾಖಾಧಿಕಾರಿಯಾಗಿದ್ದೆ. ಶಹಾಪುರದ ಕಡೆಯ ಹಳ್ಳಿಗಳ ಲೈನ್‌ಮನ್‌ಗಳು ನನ್ನ ಕೈಕೆಳಗಿದ್ದರು. ಕೆಲಸದ ತಿಳಿವಳಿಕೆಯನ್ನು ವಾಟ್ಸಾಪಿನಲ್ಲಿ ಹಂಚಿಕೊಳ್ಳಿ ಎಂದು ಮೇಲಿನವರು ಹೇಳಿದ್ದೇ ತಡ, ಗ್ರೂಪು ಮಾಡಿ 'ವಿದ್ಯುತ್ ಜ್ಞಾನ ದಾಸೋಹ' ಎಂದು ಹೆಸರಿಟ್ಟುಬಿಟ್ಟೆ. ಹೆಸರಿಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ದಿನಾ ಬೆಳಿಗ್ಗೆ ನನ್ನ ಹಳೆಯ ಪಠ್ಯಪುಸ್ತಕದ ಒಂದೊಂದು ಪುಟದ ಫೋಟೋ ತೆಗೆದು ಬಡಿಸುತ್ತಿದ್ದೆ. ಎಲ್ಲರೂ ತಪ್ಪದೆ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು. ಅಡ್ಡಡ್ಡ ಬಂದ ಪುಟಕ್ಕೂ ಹೆಬ್ಬೆರಳು, ಒಮ್ಮೆ ಕೈತಪ್ಪಿ ಹೋದ ನಮ್ಮ ಮನೆಯ ಕಿರಾಣಿ ಚೀಟಿಗೂ ಹೆಬ್ಬೆರಳು. ನಿಮಗೂ ಇಂಥ ಗ್ರೂಪುಗಳ ಪರಿಚಯ ಇದ್ದೀತು. ನಾನು ಮಾತ್ರ ಅದನ್ನು ಕಲಿಕೆ ಎಂದು ನಂಬಿದ್ದೆ.

ಒಂದು ದಿನ ವಡಗೇರಾ ಕಡೆಯ ಲೈನ್‌ಮನ್ ಸಾಬಣ್ಣ ಮಾತಾಡಿ ಕಳಿಸಿದ ದನಿ ಗ್ರೂಪಿಗೆ ಬಂತು. ನಡುವಯಸ್ಸಿನ, ಮಿತಮಾತಿನ ಮನುಷ್ಯ.

"ಅಣ್ಣಗೋಳ, ಇವತ್ತ ನಂದೊಂದು ತಪ್ಪಾತು. ಲೈನ್ ಬಂದ್ ಮಾಡ್ಸಿ ಕಂಬ ಹತ್ತಿದ್ದೆ. ಬಾಜೂ ಫಂಕ್ಷನ್ ಹಾಲಿನವ್ರು ಜನರೇಟರ್ ಚಾಲೂ ಮಾಡ್ಯಾರ. ಅದರ ಕರೆಂಟ್ ವಾಪಸ್ ನಮ್ಮ ಲೈನಿಗೇ ಬಂದದ. ನಾ ಅರ್ಥಿಂಗ್ ರಾಡ್ ಹಾಕಿದ್ದಿಲ್ಲ. ಕೈ ಝಾಡಿಸ್ತು, ಬೆಲ್ಟ್ ಇತ್ತಂತ ಉಳದೆ. ನೀವ್ಯಾರೂ ರಾಡ್ ಹಾಕ್ದ ತಂತಿ ಮುಟ್ಟಬ್ಯಾಡ್ರಿ."

ಈ ರಾಡು ತಂತಿಯನ್ನು ನೆಲಕ್ಕೆ ಕೂಡಿಸುವ ಸಲಾಕೆ. ಅದನ್ನು ಹಾಕಿದ್ದರೆ ಕದ್ದು ಬಂದ ಕರೆಂಟು ಮನುಷ್ಯನನ್ನು ಬಿಟ್ಟು ಮಣ್ಣಿಗೆ ಇಳಿಯುತ್ತದೆ. ನನ್ನ ದಾಸೋಹಕ್ಕೆ ಬಂದ ಮೊದಲ ನಿಜವಾದ ತಿಳಿವಳಿಕೆ ಅದು. ನಾನೇನು ಮಾಡಿದೆ ಎಂದು ಹೇಳಲು ಈಗಲೂ ಸಂಕೋಚವಾಗುತ್ತದೆ. ಎಲ್ಲರ ಎದುರಿಗೇ ಗ್ರೂಪಿನಲ್ಲಿ ಬರೆದೆ: "ಸುರಕ್ಷತಾ ನಿಯಮ ಉಲ್ಲಂಘಿಸಿರುವುದು ಕಂಡುಬಂದಿದೆ. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಸಲ್ಲಿಸತಕ್ಕದ್ದು." ಆ 'ತಕ್ಕದ್ದು' ಬರೆಯುವಾಗ ನನಗೆ ಸಿಗುತ್ತಿದ್ದ ಸುಖ ಊಟದಲ್ಲೂ ಸಿಗುತ್ತಿರಲಿಲ್ಲ. ಮರುದಿನ ಮೆಮೊವನ್ನೂ ಕೈಗೆ ಕೊಟ್ಟೆ. ಸಾಬಣ್ಣ ಓದಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, "ಹೌದ್ರಿ" ಎಂದು ಹೋದ.

ಆಮೇಲೆ ಗ್ರೂಪಿನಲ್ಲಿ ಯಾರೂ ತಪ್ಪು ಹೇಳಲಿಲ್ಲ. ಯಾದಗಿರಿಯ ಮೀಟಿಂಗಿಗೆ ಹೋದಾಗಲೆಲ್ಲ ನಮ್ಮ ಶಾಖೆಯಲ್ಲಿ ತಪ್ಪುಗಳೇ ಆಗುತ್ತಿಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಂಡೆ. ಕೇಳಿದವರೂ ತಲೆದೂಗಿದರು. ಮೇಲಿನ ಸಾಹೇಬರ ಗ್ರೂಪಿನಲ್ಲೂ ಅದನ್ನೇ ಹಾಕಿದೆ.

ಮುಂದಿನ ಬೇಸಿಗೆಯಲ್ಲಿ ಬಿರುಗಾಳಿಗೆ ಒಂದು ಹಳ್ಳಿಯ ತಂತಿ ಹರಿದುಬಿತ್ತು. ನಾನೇ ಹೋದೆ. ಕಂಬದ ಬುಡದಲ್ಲಿ ಭೀಮರಾಯ ಎಂಬ ಲೈನ್‌ಮನ್ ನಿಂತಿದ್ದ. ಸುತ್ತ ಊರ ಮಂದಿ ಸೇರಿದ್ದರು, ನನಗೂ ಅವಸರವಿತ್ತು.

"ಲೈನ್ ಬಂದ್ ಆಗ್ಯಾದ, ಲಗೂನ ಹತ್ತಪ್ಪ" ಎಂದೆ.

"ಜರಾ ತಡೀರಿ ಸಾಹೇಬ್ರ" ಎಂದು ಅವನು ಯಾವುದೋ ಗ್ರೂಪಿಗೆ ಆಗಷ್ಟೇ ಬಂದ ದನಿಯೊಂದನ್ನು ಒತ್ತಿ ಫೋನನ್ನು ಕಿವಿಗೆ ಹಿಡಿದ. ಒಳಗಿನಿಂದ ಸಾಬಣ್ಣನ ದನಿ ನನಗೂ ಕೇಳಿಸಿತು: "ಆ ಊರಾಗ ಹಿಟ್ಟಿನ ಗಿರಣಿಯವ್ರು ಹೊಸಾ ಜನರೇಟರ್ ಕುಂದ್ರಿಸ್ಯಾರ. ಅದೂ ವಾಪಸ್ ಕೊಡ್ತದ. ಟೆಸ್ಟ್ ಮಾಡಿ, ರಾಡ್ ಹಾಕಿ, ಆಮ್ಯಾಲ ಹತ್ರಿ."

ಭೀಮರಾಯ ನೆಲದ ಮೇಲೆ ನಿಂತೇ ಟೆಸ್ಟರಿನ ಉದ್ದನೆಯ ಕೋಲನ್ನು ತಂತಿಗೆ ತಾಗಿಸಿದ. ಕೆಂಪು ದೀಪ ಹೊತ್ತಿಕೊಂಡಿತು. ನನ್ನ ಮಾತು ಕೇಳಿ ಹತ್ತಿದ್ದರೆ ಅವನು ಸಾಯುತ್ತಿದ್ದ. ನಾನೇ ಗಿರಣಿಗೆ ಹೋಗಿ ಜನರೇಟರ್ ಬಂದ್ ಮಾಡಿಸಿ ಬಂದೆ. ಆಮೇಲೆ, ಸಾಬಣ್ಣನ ದನಿ ಬಂದದ್ದು ಯಾವ ಗ್ರೂಪಿನಲ್ಲಿ ಎಂದು ಭೀಮರಾಯನನ್ನು ಕೇಳಿದೆ. ಅವನು ಬೇರೆ ಕಡೆ ನೋಡುತ್ತ, "ನಮ್ಮದೊಂದು ಬ್ಯಾರೆ ಅದರಿ" ಎಂದ.

ಅದೇ ಸಂಜೆ ಸಾಬಣ್ಣನ ಮನೆಗೆ ಹೋಗಿ, ನನ್ನನ್ನೂ ಸೇರಿಸಿಕೋ ಎಂದು ಕೇಳಿದೆ. ಅವನು ಚಹಾ ಕೊಟ್ಟ, ದನಿ ಏರಿಸಲಿಲ್ಲ.

"ನೀವು ಬಂದ್ರ ಯಾರೂ ತಪ್ಪು ಹೇಳಂಗಿಲ್ರಿ ಸಾಹೇಬ್ರ. ತಪ್ಪು ಹೇಳ್ಲಿಲ್ಲಂದ್ರ ಮತ್ತೊಬ್ಬ ಸಾಯ್ತಾನ."

ಮರುದಿನವೇ ಮೆಮೊ ವಾಪಸ್ ತೆಗೆದುಕೊಂಡೆ. ಆದರೂ ನಿವೃತ್ತಿಯ ದಿನದವರೆಗೆ ಆ ಗ್ರೂಪಿನ ಹೊರಗೇ ಉಳಿದೆ. ನನಗೆ ಬಹಳ ನಾಚಿಕೆಯಾಗಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಇವತ್ತು ಆರಿದ ಚಹಾವನ್ನು ಪಕ್ಕಕ್ಕಿಟ್ಟು ಸಾಬಣ್ಣನಿಗೆ ಫೋನು ಮಾಡಿದೆ. "ಈಗ ಮೆಮೊ ಕೊಡೋ ಅಧಿಕಾರ ಇಲ್ಲಪ್ಪ, ಸೇರಿಸ್ಕೋತೀ ಏನು?"

ಅವನು ನಕ್ಕ. "ಬರ್ರಿ. ಆದ್ರ ನಮ್ಮಲ್ಲೊಂದು ರಿವಾಜ ಅದರಿ. ಹೊಸಬ್ರು ಮೊದ್ಲ ತಮ್ಮ ತಪ್ಪೊಂದು ಹೇಳಬೇಕು."

ಸೇರಿದ ಮೇಲೆ, "ಲೋಪ ಸಂಭವಿಸಿರುವುದು ಕಂಡುಬಂದಿದೆ" ಎಂದು ಟೈಪು ಮಾಡಿ ಅಳಿಸಿದೆ. ಆಮೇಲೆ ಮೈಕು ಒತ್ತಿ ಹಿಡಿದು, ಗಾಳಿಯ ದಿನ ಭೀಮರಾಯನಿಗೆ ಹತ್ತು ಎಂದದ್ದನ್ನು ಹೇಳಿದೆ. ಸ್ವಲ್ಪ ಹೊತ್ತಿಗೆ ಹತ್ತಿಕುಣಿ ಕಡೆಯ ಒಬ್ಬ ಹೊಸ ಲೈನ್‌ಮನ್ನನ ದನಿ ಬಂತು. ನನಗೆ ಅವನ ಪರಿಚಯವಿಲ್ಲ, ಅವನಿಗೂ ನನ್ನ ಪರಿಚಯವಿರಲಿಕ್ಕಿಲ್ಲ.

"ಸರ, ಅವತ್ತ ಅಷ್ಟು ಅವಸರ ಯಾಕ ಮಾಡಿದ್ರಿ?"

ಸರ್ವೀಸಿನುದ್ದಕ್ಕೂ ಕೈಕೆಳಗಿನವರು ಯಾರೂ ನನ್ನನ್ನು ಯಾಕೆ ಎಂದು ಕೇಳಿರಲಿಲ್ಲ. ಊರಿಗೆ ಕರೆಂಟಿರಲಿಲ್ಲ, ನೀರಿಗೆ ತೊಂದರೆಯಾಗಿತ್ತು ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷ ನನಗೆ ನಾನೂ ಅದನ್ನೇ ಹೇಳಿಕೊಂಡಿದ್ದೆ. ಭೀಮರಾಯನೂ ಇದನ್ನು ಕೇಳುತ್ತಾನೆ ಎಂಬುದು ನೆನಪಾಯಿತು. ಮತ್ತೆ ಮೈಕು ಒತ್ತಿದೆ.

"ಮಂದಿಗೆ ಕರೆಂಟ್ ಕೊಡಾಕ ಅಲ್ಲಪ್ಪ. ಭೀಮರಾಯ ಕಂಬದ ಮ್ಯಾಲಿರೋ ಫೋಟೋ ಮ್ಯಾಲಿನ ಸಾಹೇಬ್ರ ಗ್ರೂಪಿಗೆ ನಾನೇ ಎಲ್ಲಾರ್ಕಿಂತ ಮೊದ್ಲ ಹಾಕಬೇಕಂತ ಇತ್ತು."